ಹೃದ್ರೋಗ ತಜ್ಞರು ಕೇಳದ ಪ್ರಶ್ನೆ

2003ರಲ್ಲಿ ಇಪ್ಪತ್ತರ ಹರೆಯದಲ್ಲಿ ಇರಾಕ್ ಯುದ್ಧಕ್ಕೆ ಹೋದ ಅಮೆರಿಕದ ಹೆಣ್ಣುಮಕ್ಕಳಿಗೆ ಈಗ ನಲವತ್ತು ದಾಟಿದೆ. ಮುಟ್ಟು ನಿಲ್ಲುವ ತನಕ ಹೆಂಗಸರಿಗೆ ಹೃದಯಾಘಾತದ ಭಯ ಕಡಿಮೆ ಎಂಬುದು ವಾಡಿಕೆಯ ಲೆಕ್ಕ. ಈ ಗುಂಪಿನ ಮಟ್ಟಿಗೆ ಆ ಲೆಕ್ಕವನ್ನು ನಂಬಿ ಕೂರುವಂತಿಲ್ಲ.

ಹಾಗೆ ಹೇಳಲು ಆಧಾರವಿದೆ. ಹೃದ್ರೋಗ ತಜ್ಞ ರಮಿನ್ ಇಬ್ರಾಹಿಮಿ ಮತ್ತು ಸಂಗಡಿಗರು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ 2000ದಿಂದ 2017ರವರೆಗಿನ ದಾಖಲೆಗಳನ್ನು ಜಾಲಾಡಿದರು. ಯುದ್ಧ, ಅತ್ಯಾಚಾರ, ಅಪಘಾತಗಳಂಥ ಆಘಾತದ ನಂತರ ಕಾಡುವ ಪಿಟಿಎಸ್‌ಡಿ ಕಾಯಿಲೆಯಿದ್ದ 1,32,923 ಮಹಿಳೆಯರು ಸಿಕ್ಕರು. ಅವರಲ್ಲಿ ಒಬ್ಬೊಬ್ಬರಿಗೂ ಅದೇ ವಯಸ್ಸಿನ, ಆ ಕಾಯಿಲೆಯಿಲ್ಲದ ಇಬ್ಬಿಬ್ಬರನ್ನು ಜೊತೆಗಿಟ್ಟು ಹೋಲಿಸಿದರು. ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ, ಬೊಜ್ಜು, ಖಿನ್ನತೆ ಎಲ್ಲವನ್ನೂ ಸರಿದೂಗಿಸಿ ನೋಡಿದ ಮೇಲೂ, ಹೃದಯದ ರಕ್ತನಾಳಗಳು ಕಟ್ಟಿಕೊಳ್ಳುವ ಕಾಯಿಲೆ ಪಿಟಿಎಸ್‌ಡಿ ಇದ್ದವರಲ್ಲಿ ಶೇ 44ರಷ್ಟು ಹೆಚ್ಚಾಗಿತ್ತು. ನನ್ನನ್ನು ನಿಲ್ಲಿಸಿದ್ದು ಇನ್ನೊಂದು ಅಂಕಿ: ನಲವತ್ತರೊಳಗಿನವರಲ್ಲಿ ಈ ಹೆಚ್ಚಳ ಶೇ 72. ವರದಿ 2021ರಲ್ಲಿ ‘ಜಾಮಾ ಕಾರ್ಡಿಯಾಲಜಿ’ಯಲ್ಲಿ ಬಂತು.

ಮನಸ್ಸಿನ ಕಾಯಿಲೆ ರಕ್ತನಾಳಕ್ಕೆ ಇಳಿಯುವುದು ಹೇಗೆ? ಅಪಾಯ ಕಂಡಾಗ ಅಡ್ರಿನಾಲಿನ್ ಏರುತ್ತದೆ, ಎದೆ ಬಡಿದುಕೊಳ್ಳುತ್ತದೆ, ರಕ್ತದೊತ್ತಡ ಜಿಗಿಯುತ್ತದೆ. ಅಪಾಯ ಸರಿದರೆ ಎಲ್ಲ ಇಳಿಯಬೇಕು. ಪಿಟಿಎಸ್‌ಡಿಯಲ್ಲಿ ಅದು ಪೂರ್ತಿ ಇಳಿಯುವುದಿಲ್ಲ. ಬಾಗಿಲು ಬಡಿದರೆ ಬೆಚ್ಚಿಬೀಳುವುದು, ಅದೇ ಕನಸಿಗೆ ಮತ್ತೆ ಮತ್ತೆ ಎಚ್ಚರವಾಗುವುದು ಹೊರಗೆ ಕಾಣುವ ಭಾಗ ಮಾತ್ರ. ಒಳಗೆ ಕಾರ್ಟಿಸಾಲ್‌ನ ಏರಿಳಿತ ದಾರಿ ತಪ್ಪುತ್ತದೆ, ರಕ್ತದಲ್ಲಿ ಉರಿಯೂತದ ಗುರುತುಗಳು ಹೆಚ್ಚುತ್ತವೆ, ನಾಳಗಳ ಒಳಪದರ ಸವೆಯುತ್ತದೆ. ನಿದ್ದೆಯಲ್ಲಿ ತಗ್ಗಬೇಕಾದ ರಕ್ತದೊತ್ತಡ ನಿದ್ದೆಯೇ ಇಲ್ಲದಾಗ ತಗ್ಗುವುದಾದರೂ ಹೇಗೆ? ಸಿಗರೇಟು, ಕುಡಿತ ಸೇರಿಕೊಂಡರೆ ಹೇಳುವುದೇ ಬೇಡ.

ಇಂಥ ಅಧ್ಯಯನಗಳು ನಂಟನ್ನು ತೋರಿಸುತ್ತವೆಯೇ ಹೊರತು ಕಾರಣವನ್ನು ಸಾಬೀತು ಮಾಡುವುದಿಲ್ಲ, ನಿಜ. ಆದರೆ ಸೈನ್ಯದ ಸೋಂಕೇ ಇಲ್ಲದ ಕಡೆಯಿಂದಲೂ ಇದೇ ಸುದ್ದಿ ಬಂದಿದೆ. ಅಮೆರಿಕದ ಸುಮಾರು 50,000 ದಾದಿಯರನ್ನು ಇಪ್ಪತ್ತು ವರ್ಷ ಗಮನಿಸಿದ ಅಧ್ಯಯನವೊಂದರಲ್ಲಿ, ಆಘಾತಕ್ಕೊಳಗಾಗಿ ಪಿಟಿಎಸ್‌ಡಿಯ ನಾಲ್ಕು ಅಥವಾ ಹೆಚ್ಚು ಲಕ್ಷಣಗಳಿದ್ದವರಿಗೆ ಹೃದಯಾಘಾತ, ಪಾರ್ಶ್ವವಾಯು ಶೇ 60ರಷ್ಟು ಹೆಚ್ಚಾಗಿ ಬಂದಿದ್ದವು.

ಆಘಾತವೆಂದರೆ ಬಾಂಬು ಗುಂಡುಗಳೇ ಆಗಬೇಕಿಲ್ಲ. ಸೇವೆಯಲ್ಲಿದ್ದಾಗ ಲೈಂಗಿಕ ದೌರ್ಜನ್ಯ ಅಥವಾ ಕಿರುಕುಳಕ್ಕೊಳಗಾದೆವು ಎಂದು ಅಲ್ಲಿನ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಹೇಳಿಕೊಂಡವರು ಸುಮಾರು ಮೂವರು ಮಹಿಳೆಯರಲ್ಲಿ ಒಬ್ಬರು. ಪೆಟ್ಟು ಕೊಟ್ಟವನು ಶತ್ರುವಲ್ಲ, ಪಕ್ಕದ ಬ್ಯಾರಕ್‌ನವನು. ಕೇಳದಿದ್ದರೆ ಯಾರೂ ತಾವಾಗಿ ಬಾಯಿಬಿಡುವ ಸಂಗತಿಯಲ್ಲ ಇದು.

ಕೇಳುವವರು ಯಾರು? ಹೃದ್ರೋಗದ ಅಪಾಯ ಅಳೆಯಲು ಅಮೆರಿಕದಲ್ಲಿ 2023ರಲ್ಲಿ ಬಂದ ‘ಪ್ರಿವೆಂಟ್’ ಸೂತ್ರ ಕೊಲೆಸ್ಟ್ರಾಲ್ ಕೇಳುತ್ತದೆ, ಮೂತ್ರಪಿಂಡದ ಸ್ಥಿತಿ ಕೇಳುತ್ತದೆ, ಪಿಟಿಎಸ್‌ಡಿ ಕೇಳುವುದಿಲ್ಲ. ಇನ್ನೂ ದೊಡ್ಡ ಅಪಾಯವಿರುವುದು ಕಾಯಿಲೆಯ ಹೆಸರು ಕಡತದಲ್ಲಿ ಇದ್ದಾಗಲೇ. ಹೃದಯಾಘಾತವಾದ ಹೆಂಗಸರಲ್ಲಿ ಎದೆನೋವಿನ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೇ, ಉಬ್ಬಸ, ಸುಸ್ತು, ವಾಕರಿಕೆ, ದವಡೆ ನೋವು ಕಾಣಿಸಿಕೊಳ್ಳುತ್ತವೆ. ಪಿಟಿಎಸ್‌ಡಿ ಎಂದು ಬರೆದಿರುವ ಹೆಂಗಸು ಎದೆ ಹಿಡಿದುಕೊಂಡು ಬಂದರೆ ‘ಟೆನ್ಷನ್, ಗಾಬರಿ’ ಎಂದು ಮಾತ್ರೆ ಕೊಟ್ಟು ಕಳಿಸುವುದು ಎಷ್ಟು ಸುಲಭ! ಇಸಿಜಿ ತೆಗೆಯಬೇಕಾದ್ದು ಅಂಥವಳಿಗೇ ಮೊದಲು.

ಕೆಡುಕು ಹೃದಯಕ್ಕಷ್ಟೇ ಸೀಮಿತವೂ ಅಲ್ಲ. 2000ದಿಂದ 2012ರವರೆಗೆ ಮಾಜಿ ಸೈನಿಕ ಮಹಿಳೆಯರ 16,334 ಹೆರಿಗೆಗಳನ್ನು ನೋಡಿದಾಗ, ಹೆರಿಗೆಯ ಹಿಂದಿನ ವರ್ಷದಲ್ಲಿ ಪಿಟಿಎಸ್‌ಡಿ ಕಾಡುತ್ತಿದ್ದವರಲ್ಲಿ ತಾನಾಗಿಯೇ ಆದ ಅವಧಿಪೂರ್ವ ಹೆರಿಗೆ ಶೇ 9.2, ಕಾಯಿಲೆಯೇ ಇಲ್ಲದವರಲ್ಲಿ ಶೇ 7.4. ಹಿಂದೆಂದೋ ಇದ್ದು ಆಗ ಶಮನವಾಗಿದ್ದವರಲ್ಲಿ ಶೇ 8. ಈ ಮೂರನೆಯ ಅಂಕಿ ನನಗೆ ಮುಖ್ಯ: ಮನಸ್ಸಿನ ಗಾಯ ಮಾಯ್ದರೆ ಮೈಗಾಗುವ ಕೇಡೂ ತಗ್ಗಬಹುದು.

ನಮ್ಮ ಕಥೆ ಈಗಷ್ಟೇ ಶುರುವಾಗಿದೆ. ಸೇನಾ ಪೊಲೀಸ್ ದಳದ 83 ಮಹಿಳೆಯರ ಮೊದಲ ತಂಡ ತರಬೇತಿ ಮುಗಿಸಿ ಹೊರಬಂದದ್ದು 2021ರ ಮೇ ತಿಂಗಳಲ್ಲಿ, ಬೆಂಗಳೂರಿನಲ್ಲಿ. ಆ ದಳಕ್ಕೆ ಈಗ ಅಗ್ನಿವೀರರಾಗಿ ಸೇರುವ ಹುಡುಗಿಯರ ಸೇವೆ ನಾಲ್ಕು ವರ್ಷದ್ದು. ಆಮೇಲೆ ಉಳಿಯುವವರು ಹೆಚ್ಚೆಂದರೆ ಕಾಲು ಭಾಗ. ಮಾಜಿ ಸೈನಿಕರಿಗಿರುವ ಇಸಿಎಚ್‌ಎಸ್ ಚಿಕಿತ್ಸಾ ಸೌಲಭ್ಯ ಹೊರಬಂದವರಿಗೆ ಇಲ್ಲ. ಇವರೆಲ್ಲರೂ ಆಘಾತ ಕಂಡೇ ಬರುತ್ತಾರೆಂದಲ್ಲ. ಕಂಡವರಿಗೆ ಎದೆ ಹಿಂಡತೊಡಗುವುದು 2040ರ ದಶಕದಲ್ಲಿ, ಬಹುಶಃ ಯಾವುದೋ ತಾಲ್ಲೂಕು ಆಸ್ಪತ್ರೆಯ ಹೊರರೋಗಿ ಸಾಲಿನಲ್ಲಿ ನಿಂತಾಗ. ಸೇವೆಯಿಂದ ಬಿಡುಗಡೆಯಾಗುವ ದಿನವೇ ರಕ್ತದೊತ್ತಡ, ನಿದ್ದೆ, ಆಘಾತದ ಬಗ್ಗೆ ಕೇಳಿ ಬರೆದುಕೊಟ್ಟ ಒಂದು ಹಾಳೆ ಆಗ ಅವಳ ಕೈಲಿರಬೇಕು.