ಹರಿಹರದ ಅಂಗಳದಲ್ಲಿ ಶಾಸನಗಳ ಸಾಲು

ಹರಿಹರಕ್ಕೆ ಬರುವವರಲ್ಲಿ ಹೆಚ್ಚಿನವರು ಹರಿಹರೇಶ್ವರನಿಗೆ ಹಣ್ಣುಕಾಯಿ ಮಾಡಿಸಿ, ಹೊಳೆ ಕಡೆ ಒಂದು ಸುತ್ತು ಹಾಕಿ ಬಸ್ ಹತ್ತುತ್ತಾರೆ. ಗುಡಿಯ ಆವರಣದಲ್ಲಿರುವ ಶಾಸನಗಳ ಮುಂದೆ ನಿಲ್ಲುವವರು ಕಡಿಮೆ. ನನ್ನ ಮಟ್ಟಿಗೆ ಈ ಸೀಮೆಯ ದೊಡ್ಡ ವಸ್ತುಸಂಗ್ರಹಾಲಯ ಇದೇ. ಬೇರೆ ಕಡೆ ಶಾಸನವನ್ನು ಅದು ಹುಟ್ಟಿದ ಊರಿನಿಂದ ಎತ್ತಿ ತಂದು, ನಂಬರು ಬರೆದು ಗೋಡೆಗೆ ಒರಗಿಸಿರುತ್ತಾರೆ. ಇಲ್ಲಿ ಶಾಸನ ಯಾವ ಗುಡಿಯ ಮಾತು ಹೇಳುತ್ತದೋ ಆ ಗುಡಿ ಎದುರಿಗೇ ಇದೆ. ತುಂಗಭದ್ರೆ ಹಿಂದೆಯೇ ಹರಿಯುತ್ತಾಳೆ. ಸೂಳೆಕೆರೆಯಿಂದ ಬರುವ ಹರಿದ್ರಾ ಹಳ್ಳ ಅವಳನ್ನು ಸೇರುವುದೂ ಈ ಊರಿನಲ್ಲೇ. ಊರಿಗೆ ಹಿಂದೆ ಕೂಡಲೂರು ಎಂಬ ಹೆಸರಿದ್ದದ್ದು ಸುಮ್ಮನೆ ಅಲ್ಲ.

ಗುಡಿ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಳಾಳ್ವ. ಕಾಲ 1224ರ ಸುಮಾರು. 1268ರಲ್ಲಿ ಇದಕ್ಕೆ ಇನ್ನಷ್ಟು ಸೇರಿಸಿದವನು ಮುಮ್ಮಡಿ ನರಸಿಂಹನ ದಂಡನಾಯಕ ಸೋಮ. ಸೋಮನಾಥಪುರದ ಕೇಶವ ದೇಗುಲದ ಸೋಮನೇ ಈತ. ಅಲ್ಲಿಯ ಗೋಡೆಯಲ್ಲಿ ಬೆರಳಿಡಲು ಜಾಗವಿಲ್ಲದಷ್ಟು ಕೆತ್ತನೆ. ಇಲ್ಲಿ ಗೋಡೆ ಸರಳ, ಸೊಗಸೆಲ್ಲ ಮಂಟಪದಲ್ಲಿ. ತಿರುಗಣಿಯಲ್ಲಿ ಕಡೆದ ಕಂಬಗಳ ಉಂಗುರಗಳ ಮೇಲೆ ಬೆಳಕು ಜಾರುವುದನ್ನು ನೋಡುತ್ತ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಗರ್ಭಗುಡಿಯಲ್ಲಿ ಒಂದೇ ಮೂರ್ತಿ: ಬಲಗಡೆ ಹರ, ಎಡಗಡೆ ಹರಿ.

ಈ ಕಂಬಗಳಲ್ಲಿ ನಮ್ಮ ನೆಲದ ಕಥೆಯೂ ಇದೆ. ಹೊಯ್ಸಳ ಶಿಲ್ಪಿಗಳಿಗೆ ಒಲಿದದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಅದು ಮೆದು, ಉಳಿಗೆ ಸುಲಭವಾಗಿ ಬಗ್ಗುತ್ತದೆ. ಗಾಳಿಗೆ ಬಿದ್ದ ಮೇಲೆ ಬರಬರುತ್ತ ಗಟ್ಟಿಯಾಗುತ್ತದೆ. ಇನ್ನೂರು ಕೋಟಿ ವರ್ಷಕ್ಕೂ ಹಳೆಯದಾದ ಪದರಶಿಲೆಯ ಪಟ್ಟಿಗಳು ಈ ನಾಡಿನಲ್ಲಿ ಹಾದುಹೋಗಿರದಿದ್ದರೆ ಅಂಥ ಕಂಬ ಕಡೆಯುವ ಕಸುಬೇ ಇಲ್ಲಿ ಬೆಳೆಯುತ್ತಿರಲಿಲ್ಲ.

ಹರಿಹರದ ಶಾಸನಗಳ ಪಾಠ ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 11ನೆಯ ಸಂಪುಟದಲ್ಲಿ ಅಚ್ಚಾಗಿದೆ. ಅದು ಆಗಿನ ಚಿತ್ರದುರ್ಗ ಜಿಲ್ಲೆಯ ಸಂಪುಟ. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ನೂರು ವರ್ಷಕ್ಕೂ ಹಿಂದೆ ಓದಿ ಮುಗಿಸಿದ ಶಾಸನ ಇವತ್ತಿನ ಭಕ್ತರಿಗೆ ಬರೀ ಗೆರೆಗಳಾಗಿ ಕಾಣಬಾರದು. ಪ್ರತಿಯೊಂದರ ಪಕ್ಕ ಹೊಸಗನ್ನಡದಲ್ಲಿ ನಾಲ್ಕೇ ನಾಲ್ಕು ಸಾಲು ಸಾಕು: ಯಾರು ಬರೆಸಿದರು, ಯಾವಾಗ, ಏನು ದಾನ ಕೊಟ್ಟರು. ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಕನ್ನಡ, ಇತಿಹಾಸ ಓದುವ ಹುಡುಗ ಹುಡುಗಿಯರು ಭಾನುವಾರ ಬಂದು ಜನರ ಮುಂದೆ ಓದಿ ಹೇಳಿದರಂತೂ ಇನ್ನೂ ಚೆನ್ನ. ಹಳಗನ್ನಡದ ಲಯ ಕಿವಿಗೆ ಬಿದ್ದಾಗಲೇ ಅದರ ರುಚಿ ಗೊತ್ತಾಗುವುದು.

ಹೊಳೆಯನ್ನೇ ಹಿಡಿದು ಮೇಲಕ್ಕೆ ಹೋದರೆ ಆಚೆ ದಡದಲ್ಲಿ, ಹಾವೇರಿ ಜಿಲ್ಲೆಗೆ ಸೇರಿದ ಹಳ್ಳೂರು ಸಿಗುತ್ತದೆ. 1965ರಲ್ಲಿ ಎಂ.ಎಸ್. ನಾಗರಾಜರಾವ್ ಅಲ್ಲಿ ಉತ್ಖನನ ಮಾಡಿದಾಗ ನವಶಿಲಾಯುಗದ ನೆಲೆಯೂ ಅದರ ಮೇಲೆ ಕಬ್ಬಿಣದ ವಸ್ತುಗಳೂ ಸಿಕ್ಕವು. ದಕ್ಷಿಣದಲ್ಲಿ ಸಿಕ್ಕ ಅತಿ ಹಳೆಯ ಕಬ್ಬಿಣಗಳಲ್ಲಿ ಅವೂ ಸೇರಿವೆ. ಅಲ್ಲಿ ಸಿಕ್ಕ ಎಲುಬುಗಳನ್ನು ಪರೀಕ್ಷಿಸಿದ ಪಶುವೈದ್ಯ ವಿಜ್ಞಾನಿ ಕೆ.ಆರ್. ಆಲೂರರು ಅವುಗಳಲ್ಲಿ ಕುದುರೆಯದನ್ನು ಗುರುತಿಸಿದರು. ಕುದುರೆ ದಕ್ಷಿಣಕ್ಕೆ ಅಷ್ಟು ಹಿಂದೆಯೇ ಬಂದಿತ್ತೇ ಎಂದು ವಿದ್ವಾಂಸರ ನಡುವೆ ನಡೆದ ವಾದ ಚಿಕ್ಕದಲ್ಲ. ಶಾಲೆಯ ಪಾಠದಲ್ಲಿ ಸಿಂಧೂ ಬಯಲಿಗೆ ಕೊಡುವ ಜಾಗದಲ್ಲಿ ಒಂದಿಷ್ಟು ನಮ್ಮ ಹೊಳೆದಂಡೆಗೂ ಸಿಗಬೇಕೆಂದು ನನ್ನ ಆಸೆ.

ಜೀವಂತ ಪ್ರಾಣಿಗಳ ವಿಷಯಕ್ಕೆ ಬಂದರೆ, ಹೊಳೆಯಾಚೆ ರಾಣೆಬೆನ್ನೂರಿನ ಕುರುಚಲು ಕಾಡಿನಲ್ಲಿ ಕೃಷ್ಣಮೃಗವಿದೆ. ನಮ್ಮದೇ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ ರಂಗಯ್ಯನದುರ್ಗ ಅಭಯಾರಣ್ಯವಿದೆ. ಅದನ್ನು 2011ರಲ್ಲಿ ಘೋಷಿಸಿದ್ದೇ ಕೊಂಡುಕುರಿಗಾಗಿ. ಗಂಡಿಗೆ ನಾಲ್ಕು ಕೊಂಬು: ಎರಡು ಕಿವಿಗಳ ನಡುವೆ, ಎರಡು ಮೋಟು ಕೊಂಬು ಹಣೆಯ ಮೇಲೆ. ಬಲು ನಾಚಿಕೆಯ ಪ್ರಾಣಿ, ಕಂಡರೆ ಪುಣ್ಯ.

ದಾವಣಗೆರೆಯವರಿಗೆ ಇಷ್ಟು ದೂರವೂ ಬೇಡ. ಪೇಟೆಗೆ ಅಂಟಿಕೊಂಡೇ ಇರುವ ಆನೆಕೊಂಡದಲ್ಲಿ ಕಲ್ಯಾಣ ಚಾಲುಕ್ಯ ಶೈಲಿಯ ಹಳೆಯ ಈಶ್ವರ ಗುಡಿಯಿದೆ. ಉಚ್ಚಂಗಿಯ ಪಾಂಡ್ಯರು ಈ ಸೀಮೆ ಆಳುತ್ತಿದ್ದ ಕಾಲದ್ದು. ಕುಂದವಾಡ ಕೆರೆಯ ಬಳಿ ಲಾಲ್‌ಬಾಗಿನ ಮಾದರಿಯ ಗಾಜಿನ ಮನೆ, ಸುತ್ತ ಹೂದೋಟ. ಕೆರೆಗೆ ಭದ್ರಾ ನಾಲೆಯ ನೀರು ಬರುತ್ತದೆ, ಊರಿನ ಕುಡಿಯುವ ನೀರಿಗೂ ಅದು ಆಧಾರ. ಏರಿಯ ಮೇಲೆ ನಡೆದರೆ ನೀರುಕಾಗೆ, ಬೆಳ್ಳಕ್ಕಿ ಕಾಣುತ್ತವೆ. ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ. ಬಿಸಿಲೇರುವ ಮೊದಲೇ ಹರಿಹರ, ಅಲ್ಲಿಂದ ವಾಪಸು ಬಂದು ಬೆಣ್ಣೆದೋಸೆ, ಆಮೇಲೆ ಆನೆಕೊಂಡ, ಸಂಜೆಗೆ ಕುಂದವಾಡ. ಹರಿಹರಕ್ಕೆ ಹೋಗುವಾಗ ರೈಸ್ ಸಂಪುಟದ ನಾಲ್ಕು ಪುಟ ಜೆರಾಕ್ಸ್ ಮಾಡಿಸಿ ಜೊತೆಗಿಟ್ಟುಕೊಳ್ಳಿ. ಮನೆಯ ಮಕ್ಕಳಿಗೆ ಕೊಟ್ಟು, ಕಲ್ಲಿನ ಮೇಲೆ ‘ಹರಿಹರ’ ಎಂಬ ಅಕ್ಷರ ಎಲ್ಲಿದೆ ಹುಡುಕಿ ಎನ್ನಿ.