ನೋವಿಲ್ಲದ ಗಂಟು: ಅಲಕ್ಷ್ಯ ಸಲ್ಲದು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಸದ್ಭಕ್ತರಿಂದ ನಾವು ಮೇಲಿಂದ ಮೇಲೆ ಕೇಳುವ ಮಾತೊಂದಿದೆ: "ಗಂಟು ಐತ್ರಿ, ಆದರ ನೋವಿಲ್ಲ." ಅವರಿಗೆ ಅದೇ ಸಮಾಧಾನ, ನಮಗೆ ಅದೇ ಚಿಂತೆ. ಕ್ಯಾನ್ಸರ್ ಗಂಟು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ.

ಸುಶ್ರುತಾಚಾರ್ಯರು ಅರ್ಬುದವನ್ನು ದುಂಡಗಿನ, ಅಲುಗದ, ಆಳಕ್ಕೆ ಬೇರೂರಿದ, ನಿಧಾನವಾಗಿ ಬೆಳೆಯುವ, ನೋವು ಕಡಿಮೆಯಿರುವ, ಕೀವುಗಟ್ಟದ ಗಂಟೆಂದು ವರ್ಣಿಸಿದ್ದಾರೆ. ಅದಕ್ಕೆ ಶಸ್ತ್ರಕರ್ಮವನ್ನೂ ವಿಧಿಸಿ, ಸ್ವಲ್ಪ ಉಳಿದರೂ ಮತ್ತೆ ಬೆಳೆಯುವುದೆಂದು ಎಚ್ಚರಿಸಿದ್ದಾರೆ. ಆದ್ದರಿಂದ ಆಯುರ್ವೇದವು ಶಸ್ತ್ರಚಿಕಿತ್ಸೆಗೆ ವಿರುದ್ಧವೆಂಬುದು ತಪ್ಪು ತಿಳಿವಳಿಕೆ.

ಚಿಕಿತ್ಸೆಯಿಲ್ಲದೆ ಬಿಟ್ಟ ಕ್ಯಾನ್ಸರ್ ಗಂಟು ಮೊದಲು ಸುತ್ತಲಿನ ಮಾಂಸ, ನರ, ರಕ್ತನಾಳಗಳನ್ನು ಆಕ್ರಮಿಸುತ್ತದೆ. ಬಳಿಕ ಅದರ ಜೀವಕೋಶಗಳು ದುಗ್ಧರಸದ ಮೂಲಕ ಕಂಕುಳು, ಕುತ್ತಿಗೆಯ ಗ್ರಂಥಿಗಳಿಗೂ, ರಕ್ತದ ಮೂಲಕ ಶ್ವಾಸಕೋಶ, ಯಕೃತ್ತು, ಎಲುಬು, ಮಿದುಳಿಗೂ ಸೇರುತ್ತವೆ. ಗಂಟು ಒಡೆದು ಹುಣ್ಣಾಗಿ ರಕ್ತ ಸೋರುತ್ತದೆ. ಆಗ ಗುಣಪಡಿಸುವುದು ಬಹು ಕಷ್ಟ.

ಕೆಲವು ವರ್ಷಗಳ ಹಿಂದೆ ರಾಮದುರ್ಗ ಕಡೆಯ ತಾಯಿಯೊಬ್ಬರು ಸ್ತನದಲ್ಲಿ ಹುಣಸೆಬೀಜದಷ್ಟು ಗಂಟಿದೆಯೆಂದು ಬಂದರು. ಹುಬ್ಬಳ್ಳಿಗೆ ಹೋಗಿ ಪರೀಕ್ಷಿಸಿಕೊಳ್ಳಲು ಹೇಳಿದೆವು. ಹತ್ತಿ ಬಿಡಿಸುವುದು ಮುಗಿಯಲಿ, ಮಗಳ ಮದುವೆ ಆಗಲಿ ಎಂದು ದಿನ ದೂಡಿದರು. ಯಾರೋ ಹೇಳಿದ ಲೇಪ ಹಚ್ಚಿದರು. ಹತ್ತು ತಿಂಗಳ ಮೇಲೆ ಬಂದಾಗ ಗಂಟು ಒಡೆದಿತ್ತು, ಕಂಕುಳಲ್ಲೂ ಗಡ್ಡೆಗಳಿದ್ದವು. ಅವರು ಉಳಿಯಲಿಲ್ಲ. ಒಮ್ಮೆ ಹೇಳಿ ಸುಮ್ಮನಾದದ್ದು ನಮ್ಮ ತಪ್ಪು. ಮನೆಯವರನ್ನು ಕರೆಸಿ ತಿಳಿಹೇಳಬೇಕಿತ್ತು. ಆ ಕೊರಗಿನಿಂದಲೇ ಈ ಲೇಖನ.

ಕೆಳಗಿನ ಲಕ್ಷಣ ಕಂಡರೆ ತಡಮಾಡಬಾರದು:

• ಸ್ತನ, ಕುತ್ತಿಗೆ, ಕಂಕುಳಲ್ಲಿ ಹೊಸ ಗಂಟು
• ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ (ತಂಬಾಕು, ಗುಟ್ಕಾ ಸೇವಿಸುವವರು ವಿಶೇಷವಾಗಿ ಗಮನಿಸಬೇಕು)
• ಮುಟ್ಟು ನಿಂತ ಮೇಲೆ ರಕ್ತಸ್ರಾವ
• ನುಂಗಲು ತೊಂದರೆ, ಕಾರಣವಿಲ್ಲದೆ ತೂಕ ಇಳಿಯುವುದು

ಎಲ್ಲ ಗಂಟುಗಳೂ ಕ್ಯಾನ್ಸರ್ ಅಲ್ಲ. ಸ್ತನದ ಗಂಟುಗಳಲ್ಲಿ ಹೆಚ್ಚಿನವು ನಿರಪಾಯಕಾರಿ. ಆದರೆ ಅದನ್ನು ಪರೀಕ್ಷೆಯೇ ಹೇಳಬೇಕು. ಸೂಜಿ ತಾಗಿದರೆ ರೋಗ ಹರಡುತ್ತದೆಂಬ ಭಯದಿಂದ ಬಯಾಪ್ಸಿ ಬಿಡಬೇಡಿರಿ. ಮೊದಲು ತಾಲೂಕು ಆಸ್ಪತ್ರೆಗೆ ತೋರಿಸಿರಿ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು.

ಹಸಿವು, ನಿದ್ರೆ, ಬಲ ಕಾಯ್ದುಕೊಳ್ಳಲು ನಮ್ಮ ಔಷಧಿಗಳು ನೆರವಾಗಬಹುದು. ಅದೂ ಚಿಕಿತ್ಸೆ ನೀಡುವ ವೈದ್ಯರಿಗೆ ತಿಳಿಸಿಯೇ. ಗಂಟನ್ನು ಕರಗಿಸುತ್ತೇವೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವವರನ್ನು ನಂಬಬೇಡಿರಿ. ಕಾಯವಿದ್ದರೆ ಕಾಯಕ. ಸುಗ್ಗಿ ಮುಂದಿನ ವರ್ಷವೂ ಬರುವುದು. ಕಳೆದ ಕಾಲ ಮರಳಿ ಬಾರದು.