ವುಝೂವಿಗೊಂದು ಮೂಲೆ, ಗಾಳಿಗೊಂದು ದಾರಿ

ಹೊಸ ಮನೆಯ ನಕ್ಷೆ ನಿಮ್ಮ ಕೈಯಲ್ಲಿದೆಯೇ? ಕಾರು ನಿಲ್ಲಿಸುವ ಜಾಗ, ಬಾಲ್ಕನಿ, ಕೋಣೆಗೊಂದು ಬಾತ್‌ರೂಮ್ ಎಲ್ಲವೂ ಇರಬಹುದು. ಈಗ ಒಂದನ್ನು ಹುಡುಕಿ: ದಿನಕ್ಕೆ ಐದು ಬಾರಿ ವುಝೂ ಮಾಡುವ ನಿಮ್ಮ ಉಮ್ಮ ಕಾಲು ತೊಳೆಯುವುದು ಎಲ್ಲಿ?

ಹಲವು ಮನೆಗಳಲ್ಲಿ ಉತ್ತರ ವಾಶ್‌ಬೇಸಿನ್. ಅದಿರುವುದು ಸೊಂಟದ ಎತ್ತರದಲ್ಲಿ. ಮಂಡಿನೋವಿನವರು ಅಷ್ಟೆತ್ತರಕ್ಕೆ ಕಾಲೆತ್ತಿ, ಒದ್ದೆ ಟೈಲ್ಸ್ ಮೇಲೆ ಒಂಟಿಕಾಲಲ್ಲಿ ನಿಲ್ಲಬೇಕು. ಇಳಿವಯಸ್ಸಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ಎಷ್ಟೋ ಮಂದಿ ಮತ್ತೆ ಮೊದಲಿನಂತೆ ನಡೆಯುವುದಿಲ್ಲ. ಇದಕ್ಕೆ ಪರಿಹಾರ ದುಬಾರಿಯೇನಲ್ಲ. ಸುಮಾರು ಒಂದೂವರೆ ಅಡಿ ಎತ್ತರದ ಕಟ್ಟೆ, ಎದುರಿಗೊಂದು ನಲ್ಲಿ, ಕಾಲಿನಡಿಗೆ ಜಾರದ ಒರಟು ಕಲ್ಲು, ನೀರು ನಿಲ್ಲದಂತೆ ಇಳಿಜಾರು, ಏಳುವಾಗ ಹಿಡಿಯಲು ಗೋಡೆಗೊಂದು ಕಂಬಿ. ಜೊತೆಗೆ ಒಬ್ಬೊಬ್ಬರಿಗೆ ಒಂದೊಂದು ಟವೆಲ್. ಬೆರಳ ಸಂದಿಯನ್ನು ಒರೆಸದೆ ಬಿಟ್ಟರೆ ಅಲ್ಲಿ ಶಿಲೀಂಧ್ರ ಸೋಂಕು ಸುಲಭವಾಗಿ ಹಬ್ಬುತ್ತದೆ. ಮಧುಮೇಹಿಗಳಿಗೆ ಅದು ಸಣ್ಣ ಮಾತಲ್ಲ.

ಮಸೀದಿಯ ವಿಷಯಕ್ಕೆ ಬನ್ನಿ. ಒದ್ದೆ ಕಾಲಲ್ಲೇ ಕಾರ್ಪೆಟ್ ತುಳಿಯುತ್ತೇವೆ. ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ. ಸುಜೂದಿನಲ್ಲಿ ನಮ್ಮ ಮೂಗು ತಾಗುವುದು ಅದೇ ಕಾರ್ಪೆಟ್‌ಗೆ! ಮುಗ್ಗಲು ಮತ್ತು ಧೂಳಿನ ನುಸಿ ಉಬ್ಬಸದವರಿಗೆ ಎಂಥ ಶತ್ರುಗಳೆಂದು ಹೇಳಬೇಕಾಗಿಲ್ಲ. ಜುಮುಅಕ್ಕೆ ಸಭಾಂಗಣ ತುಂಬಿರುವಾಗ ಎಸಿಗಾಗಿ ಕಿಟಕಿಗಳನ್ನೆಲ್ಲ ಮುಚ್ಚಿದರೆ, ಒಬ್ಬರು ಕೆಮ್ಮಿದ ಗಾಳಿಯನ್ನೇ ಎಲ್ಲರೂ ಉಸಿರಾಡಬೇಕು. ಫ್ಲೂ, ಕ್ಷಯ ಹರಡುವುದು ಇಂಥ ಗಾಳಿಯಲ್ಲೇ.

ಬೇರೆ ದಾರಿಯಿದೆ. ಬಾಂಗ್ಲಾದೇಶದ ಢಾಕಾದ ಬೈತುರ್ರವೂಫ್ ಮಸೀದಿಯನ್ನು ನೋಡಿ. ನಮ್ಮ ಕರಾವಳಿಯಂತೆ ಅಲ್ಲೂ ಸೆಕೆ, ಮಳೆ ಎರಡೂ ಜೋರು. ವಾಸ್ತುಶಿಲ್ಪಿ ಮರೀನಾ ತಬಸ್ಸುಮ್ ಅವರ ಅಜ್ಜಿ ಜಾಗ ಕೊಟ್ಟರು, ಮೊಮ್ಮಗಳು ನಕ್ಷೆ ಮಾಡಿದರು. 2012ರಲ್ಲಿ ಕಟ್ಟಡ ಪೂರ್ಣಗೊಂಡಿತು. 2016ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಗೋಡೆ ಇಟ್ಟಿಗೆಯದು, ಅಲ್ಲಲ್ಲಿ ಇಟ್ಟಿಗೆ ಬಿಟ್ಟು ಜಾಲಿಯಂತೆ ಕಟ್ಟಿದ್ದು. ಗಾಳಿ ಅದರ ಮೂಲಕ ಹಾದುಹೋಗುತ್ತದೆ. ನಮಾಝಿನ ಸಭಾಂಗಣದ ಸುತ್ತ ಆಕಾಶಕ್ಕೆ ತೆರೆದ ಸಣ್ಣ ಅಂಗಳಗಳು, ಚಾವಣಿಯಲ್ಲಿ ಬೆಳಕಿಗೆ ದುಂಡು ಕಿಂಡಿಗಳು. ಗುಂಬಝ್ ಇಲ್ಲ, ಮಿನಾರವೂ ಇಲ್ಲ. ಹುಬ್ಬೇರಿಸಬೇಡಿ, ಮದೀನಾದಲ್ಲಿ ಪ್ರವಾದಿವರ್ಯರು(ಸ) ಹಸಿ ಇಟ್ಟಿಗೆ, ಖರ್ಜೂರದ ಕಾಂಡ ಮತ್ತು ಗರಿಗಳಿಂದ ಕಟ್ಟಿದ ಮಸೀದಿಗೂ ಅವು ಇರಲಿಲ್ಲ.

ಗುಂಬಝ್ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಗುಂಬಝಿಗೆ ಚಂದಾ ಎತ್ತುವಷ್ಟು ಉತ್ಸಾಹ ವುಝೂ ಜಾಗದ ಚರಂಡಿಗೆ ಯಾಕೆ ಬರುವುದಿಲ್ಲ? ನಿಮ್ಮ ಊರಿನ ಮಸೀದಿಯ ನವೀಕರಣದ ಸಭೆ ನಡೆದರೆ ಮೂರು ಪ್ರಶ್ನೆ ಕೇಳಿ. ಎದುರುಬದುರು ಕಿಟಕಿಗಳಿವೆಯೇ? ವುಝೂ ಜಾಗಕ್ಕೂ ಕಾರ್ಪೆಟ್‌ಗೂ ನಡುವೆ ಕಾಲು ಒಣಗುವಷ್ಟು ಬರಿನೆಲ ಇದೆಯೇ? ಹಿರಿಯರು ಕುಳಿತು ವುಝೂ ಮಾಡಲು ಕಟ್ಟೆ ಇದೆಯೇ?

ಮನೆಯ ನಕ್ಷೆಗೆ ಸಹಿ ಹಾಕುವ ಮೊದಲು, ಉಮ್ಮನನ್ನೂ ಒಮ್ಮೆ ಕೇಳಿ.